ಬೆಲೆಯೋ ಬಂಡೆಯೋ: ಬಾಕನ್ ತೈಲದ ಇಳಿಕೆಯ ಕಾರಣ ವಿಚಾರ

ಅಮೆರಿಕದ ಶೇಲ್ ತೈಲದ ಏರುಗತಿಯ ಬಗ್ಗೆ ತಕರಾರಿಲ್ಲ. ನೆಲದಡಿ ಅಡ್ಡಲಾಗಿ ಕೊರೆಯುವ ಅಡ್ಡಬಾವಿಯೂ, ನೀರಿನ ಒತ್ತಡದಿಂದ ಬಂಡೆ ಒಡೆಯುವ ಫ್ರ್ಯಾಕಿಂಗೂ ಜೊತೆಗೂಡಿದ ಮೇಲೆ, 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ಇದ್ದ ಆ ದೇಶದ ಕಚ್ಚಾತೈಲ ಉತ್ಪಾದನೆ 2024ರಲ್ಲಿ 132 ಲಕ್ಷ ಮುಟ್ಟಿತು. ಶೇಲ್ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕೂ ಹೆಚ್ಚು ಕುಸಿಯುತ್ತದೆ ಎಂಬುದೂ ಎಲ್ಲರೂ ಒಪ್ಪಿದ ಮಾತು. ಕೆನಡಾದ ಭೂವಿಜ್ಞಾನಿ ಡೇವಿಡ್ ಹ್ಯೂಸ್ 2013ರ ವರದಿಯಲ್ಲಿ ಇದನ್ನೇ ಹಿಡಿದು, 2020ಕ್ಕೆ ಮೊದಲೇ ಶೇಲ್ ತೈಲ ಶಿಖರ ಮುಟ್ಟಿ ಇಳಿಯುತ್ತದೆ ಎಂದರು. ಹಾಗಾಗಲಿಲ್ಲ. ಅಂದಿನಿಂದ, ಇಳಿಕೆ ಎಲ್ಲಿ ಕಂಡರೂ ಅದು ಬಂಡವಾಳದ ನಿರ್ಧಾರವೇ ಹೊರತು ನೆಲದ ಬಡತನವಲ್ಲ ಎಂಬ ವಾದ ಬೇರೂರಿದೆ. 2020ರ ಏಪ್ರಿಲ್ 20ರಂದು ತೈಲದ ವಾಯಿದಾ ಬೆಲೆ ಮೈನಸ್ 37 ಡಾಲರಿಗೆ ಬಿದ್ದ ಮೇಲೆ, ಸಾಲ ಮಾಡಿ ಕೊರೆಯುತ್ತಿದ್ದ ಕಂಪನಿಗಳು ಷೇರುದಾರರಿಗೆ ಲಾಭಾಂಶ ಹಂಚುವತ್ತ ತಿರುಗಿದ್ದು ಅದರ ಆಧಾರ.

ಆಧಾರ ನಿಜ, ತೀರ್ಮಾನ ಸಂದೇಹಾಸ್ಪದ. ನಾರ್ತ್ ಡಕೋಟಾದ ಉತ್ಪಾದನೆ (ಬಹುಪಾಲು ಬಾಕನ್ ಪದರದ್ದು) 2019ರ ಕೊನೆಯಲ್ಲಿ ದಿನಕ್ಕೆ 15 ಲಕ್ಷ ಬ್ಯಾರೆಲ್ ದಾಟಿತ್ತು. 2022ರಲ್ಲಿ ಬೆಲೆ 100 ಡಾಲರ್ ಮೀರಿದಾಗಲೂ ಅದು 11 ಲಕ್ಷದ ಆಸುಪಾಸಿನಲ್ಲೇ ಉಳಿಯಿತು. ಲಾಭಾಂಶದ ಒತ್ತಡವೇ ಕಾರಣವೆನ್ನೋಣ. ಆದರೆ ಅದೇ ಬೆಲೆಗೆ, ಅದೇ ಷೇರುಪೇಟೆಯ ಕಣ್ಗಾವಲಿನಲ್ಲಿ, ಪರ್ಮಿಯನ್ ಬೇಸಿನ್‌ನ ನ್ಯೂ ಮೆಕ್ಸಿಕೋ ಭಾಗ ಬೆಳೆಯುತ್ತಲೇ ಹೋಯಿತು: 2019ರಲ್ಲಿ ಸುಮಾರು 9 ಲಕ್ಷ ಇದ್ದ ಆ ರಾಜ್ಯದ ಉತ್ಪಾದನೆ 2024ರಲ್ಲಿ 20 ಲಕ್ಷಕ್ಕೆ ಬಂತು. ಕೊರೆತಕ್ಕಿಂತ ಲಾಭಾಂಶಕ್ಕೆ ಆದ್ಯತೆ ಕೊಡುವ ಶಿಸ್ತು ಎರಡೂ ಕಡೆಗೆ ಒಂದೇ ಆಗಿದ್ದರೆ ಫಲವೇಕೆ ಬೇರೆ?

ಬಾಕನ್‌ನಲ್ಲಿ ಕೊರೆಯುವ ರಿಗ್‌ಗಳೇ ಕಡಿಮೆಯಾದವು ಎಂಬ ಉತ್ತರವಿದೆ. ಆದರೆ ರಿಗ್ ಎಲ್ಲಿಗೆ ಸಾಗಬೇಕೆಂದು ತೀರ್ಮಾನಿಸುವವರು ನೋಡುವುದೂ ಬಾವಿಯ ಇಳುವರಿಯನ್ನೇ ಅಲ್ಲವೇ? ಇನ್ನೊಂದು ಉತ್ತರ ಹೆಚ್ಚು ಗಟ್ಟಿ: ಪ್ರತಿ ಬಾವಿಯ ಉತ್ಪಾದನೆ ಕುಗ್ಗಿಲ್ಲ. ಇಲ್ಲಿ ಅಳತೆಯೇ ಮೋಸ ಮಾಡುತ್ತದೆ. ಪರ್ಮಿಯನ್‌ನಲ್ಲಿ ಅಡ್ಡಬಾವಿಯ ಸರಾಸರಿ ಉದ್ದ 2010ರಲ್ಲಿ 4,000 ಅಡಿಗೂ ಕಡಿಮೆ. 2022ಕ್ಕೆ 10,000 ಅಡಿ ದಾಟಿತ್ತು. ಬಹುಕಾಲದಿಂದ ಎರಡು ಮೈಲಿ ಕೊರೆಯುತ್ತಿದ್ದ ಬಾಕನ್‌ನವರು ಈಗ ಮೂರು ಮೈಲಿಗೆ ಹೋಗಿದ್ದಾರೆ. ಬಾವಿಯೊಂದಕ್ಕೆ ಇಷ್ಟು ಎಂದು ಲೆಕ್ಕ ಹಾಕುವುದು, ಎರಡು ಎಕರೆಗೆ ರಾಗಿ ಬಿತ್ತಿ ಒಂದೆಕರೆಯ ಫಸಲೆಂದು ಬರೆದುಕೊಂಡ ಹಾಗೆ. ಅಡಿಯ ಲೆಕ್ಕವೇ ಸರಿಯಾದ ಲೆಕ್ಕ: ಬಾವಿ ಉದ್ದವಾಗಿಯೂ ಇಳುವರಿ ಅಷ್ಟೇ ಇದ್ದರೆ, ಅಡಿಗೆ ಸಿಗುವುದು ಕುಗ್ಗಿದೆ ಎಂದೇ ಅರ್ಥ. ಜೊತೆಗೆ, ಹಳೆಯ ಬಾವಿಯ ಮಗ್ಗುಲಲ್ಲಿ ಹೊಸದನ್ನು ಕೊರೆದಾಗ ಅಲ್ಲಿನ ಒತ್ತಡ ಆಗಲೇ ಇಳಿದಿರುತ್ತದೆ. ಮರಳು ಬೆರೆಸಿ ನುಗ್ಗಿಸಿದ ನೀರು ಹೊಸ ಬಂಡೆಯನ್ನು ಒಡೆಯುವ ಬದಲು ಬರಿದಾದ ಬಿರುಕುಗಳತ್ತಲೇ ಹರಿಯುತ್ತದೆ.

ಹಾಗಾಗಿ, ಬಾಕನ್ ಮಟ್ಟಿಗಾದರೂ, ಬಂಡವಾಳದ ಹಿಂಜರಿಕೆ ಬಹುಮಟ್ಟಿಗೆ ಒಳ್ಳೆಯ ನೆಲ ತೀರುತ್ತಿರುವುದರ ಪರಿಣಾಮವಿರಬಹುದು. ಬಹುಮಟ್ಟಿಗೆ ಎಂದದ್ದು ಸುಮ್ಮನೆ ಅಲ್ಲ. ಬಾಕನ್ ಕಡಲಿನಿಂದ ದೂರ, ಚಳಿಗಾಲ ಕಠಿಣ, ತೈಲದೊಡನೆ ಬರುವ ಅನಿಲವನ್ನು ಸುಡುವುದಕ್ಕೆ ಮಿತಿಯಿದೆ. ಪರ್ಮಿಯನ್‌ಗೆ ಅಮೆರಿಕದ ಗಲ್ಫ್ ತೀರಕ್ಕೆ ಸಾಗುವ ಪೈಪ್‌ಲೈನುಗಳ ಅನುಕೂಲವಿದೆ. ಇವುಗಳ ಪಾಲನ್ನು ನೆಲದ ಪಾಲಿನಿಂದ ಬೇರ್ಪಡಿಸಿ ತೂಗುವುದು ಸುಲಭವಲ್ಲ. ಹ್ಯೂಸ್ ಅವರ ಕಾಲನಿರ್ಣಯವನ್ನು ಎತ್ತಿಹಿಡಿಯುವುದೂ ನನ್ನ ಉದ್ದೇಶವಲ್ಲ. ಪರ್ಮಿಯನ್ ಇಷ್ಟು ಕೊಡುತ್ತದೆಂಬ ಅಂದಾಜು ಅವರಿಗಿರಲಿಲ್ಲ. ಆದರೂ 2025ರ ಮೇ ತಿಂಗಳಲ್ಲಿ, ಪರ್ಮಿಯನ್‌ನದೇ ಡೈಮಂಡ್‌ಬ್ಯಾಕ್ ಕಂಪನಿಯ ಅಂದಿನ ಮುಖ್ಯಸ್ಥ ಟ್ರಾವಿಸ್ ಸ್ಟೈಸ್ ಷೇರುದಾರರಿಗೆ ಬರೆದ ಪತ್ರ ಬೆಲೆಯ ಜೊತೆಗೆ ಭೂಗರ್ಭದ ಅಡಚಣೆಯನ್ನೂ ಹೆಸರಿಸಿತು.

ಶೇಲ್ ಪದರದಲ್ಲಿರುವ ತೈಲದಲ್ಲಿ ಇಂದಿಗೂ ಮೇಲೆ ಬರುವುದು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಅನಿಲ ತುಂಬಿ ಉಳಿದದ್ದನ್ನು ಹೊರದೂಡುವ ವಿಧಾನ, ಹಳೆ ಬಾವಿಗಳ ಮರುಫ್ರ್ಯಾಕಿಂಗ್ ಅಗ್ಗವಾದರೆ ಅಡಿಯ ಇಳುವರಿ ಮತ್ತೆ ಏರೀತು. ಆಗ ಇಲ್ಲಿನ ವಾದ ಬಾಕನ್‌ಗೂ ಪೂರ್ತಿ ಹೊಂದದು. ನ್ಯೂ ಮೆಕ್ಸಿಕೋಗೆ ಇದು ಹೊಂದುತ್ತದೆಯೇ ಎಂಬುದನ್ನು ಅಲ್ಲಿನ ಅಡಿವಾರು ಇಳುವರಿಯ ಮುಂದಿನ ವರ್ಷಗಳ ಅಂಕಿಗಳೇ ಹೇಳಬೇಕು.