ಅರವತ್ತು ದಾಟಿದವರಿಗೆ ಕಾರ್ ಇನ್ಶೂರೆನ್ಸ್: ಎಷ್ಟು ಕಟ್ಟಬೇಕು, ಎಲ್ಲಿ ಉಳಿಸಬಹುದು?

ಸುಬ್ರಹ್ಮಣ್ಯಪುರ: ಬಿಎಂಟಿಸಿ ಬಸ್ ಹತ್ತಿದ್ರೆ ಹಿರಿಯ ನಾಗರಿಕರಿಗೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ. ಬ್ಯಾಂಕ್‌ನಲ್ಲಿ ಎಫ್‌ಡಿ ಇಟ್ರೆ ಬಡ್ಡಿ ಸ್ವಲ್ಪ ಜಾಸ್ತಿ. ಹಾಗಾದ್ರೆ ಕಾರ್ ಇನ್ಶೂರೆನ್ಸ್‌ನಲ್ಲೂ ಏನಾದ್ರೂ ಕಡಿಮೆ ಆಗುತ್ತಾ? ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಪದ್ಮನಾಭನಗರದ ಕಡೆ ರಿಟೈರ್ಡ್ ಆದವರ ಮನೆಗಳು ಜಾಸ್ತಿ, ಈ ಪ್ರಶ್ನೆಯೂ ಸಾಮಾನ್ಯ.

ನೇರವಾಗಿ ಹೇಳೋದಾದ್ರೆ, ವಯಸ್ಸಾಗಿದೆ ಅನ್ನೋ ಕಾರಣಕ್ಕೆ ಸರ್ಕಾರ ಕೊಡೋ ರಿಯಾಯಿತಿ ಇಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸುರಕ್ಷಿತ ಚಾಲನೆಯ ಕೋರ್ಸ್ ಮುಗಿಸಿದವರಿಗೆ ಮೂರು ವರ್ಷ ಶೇ. 10 ಕಡಿತ ಕೊಡಲೇಬೇಕು ಅಂತ ಕಾನೂನಿದೆ. ನಮ್ಮಲ್ಲಿ ಹಂಗಿಲ್ಲ. ಆದ್ರೆ ಹಿರಿಯರು ದುಡ್ಡು ಉಳಿಸೋಕೆ ಬೇರೆ ದಾರಿಗಳಿವೆ.

ಬಿಲ್‌ನಲ್ಲಿ ಏನೇನಿರುತ್ತೆ?

ಮೊದಲನೇದು ಥರ್ಡ್ ಪಾರ್ಟಿ. ಇದು ಕಡ್ಡಾಯ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿ ಪ್ರಕಾರ ಖಾಸಗಿ ಕಾರಿಗೆ ವರ್ಷದ ದರ ಹೀಗಿದೆ:

- 1000 ಸಿಸಿ ಒಳಗೆ: 2,094 ರೂ.
- 1000ದಿಂದ 1500 ಸಿಸಿ: 3,416 ರೂ.
- 1500 ಸಿಸಿ ಮೇಲೆ: 7,897 ರೂ.

ಇದರ ಮೇಲೆ ಶೇ. 18 ಜಿಎಸ್‌ಟಿ. ಅಂದ್ರೆ 1200 ಸಿಸಿ ಕಾರಿಗೆ ಸುಮಾರು 4,031 ರೂ. ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತೈದರ ಅಜ್ಜನಿಗೂ ಇದೇ ದರ. ಇಲ್ಲಿ ಚೌಕಾಸಿ ನಡೆಯಲ್ಲ. ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇ. 15, ಹೈಬ್ರಿಡ್‌ಗೆ ಶೇ. 7.5 ಕಡಿಮೆ.

ಎರಡನೇದು ಓಡಿ, ಅಂದ್ರೆ ನಮ್ಮ ಕಾರಿಗೇ ಆಗೋ ಹಾನಿಗೆ ಕಟ್ಟೋ ಹಣ. ಇದನ್ನ ಕಂಪನಿಗಳೇ ನಿಗದಿ ಮಾಡ್ತವೆ. ಕಾರಿನ ಈಗಿನ ಬೆಲೆ (ಐಡಿವಿ), ಸಿಸಿ, ಕಾರಿನ ವಯಸ್ಸು, ಊರು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಒಂದೇ ಕಾರಿಗೆ ಕಂಪನಿಯಿಂದ ಕಂಪನಿಗೆ ರೇಟ್ ಬೇರೆ ಬೇರೆ ಇರುತ್ತೆ. ಅದಕ್ಕೇ ಕನಿಷ್ಠ ಮೂರು ಕಡೆ ಕೇಳಿ ನೋಡಿ.

ನೋ ಕ್ಲೇಮ್ ಬೋನಸ್: ಹಿರಿಯರ ನಿಜವಾದ ರಿಯಾಯಿತಿ

ನಿಧಾನವಾಗಿ ಓಡಿಸಿ, ಕ್ಲೇಮ್ ಮಾಡದೇ ಇದ್ದವರಿಗೆ ಓಡಿ ಮೇಲೆ ವರ್ಷದಿಂದ ವರ್ಷಕ್ಕೆ ಶೇ. 20, 25, 35, 45, ಕೊನೆಗೆ 50ರವರೆಗೆ ಕಡಿತ ಸಿಗುತ್ತೆ.

ಉದಾಹರಣೆಗೆ, ಓಡಿ 8,000 ರೂ. ಅಂದ್ಕೊಳ್ಳಿ. ಶೇ. 50 ಬೋನಸ್ ಇದ್ರೆ 4,000 ಕಟ್ಟಿದ್ರೆ ಸಾಕು. ಗೇಟ್‌ಗೆ ತಾಗಿ ಬಂಪರ್ ಕೆರೆದು 3,000 ರೂ. ಖರ್ಚಾಯ್ತು ಅಂತ ಕ್ಲೇಮ್ ಹಾಕಿದ್ರೆ, ಮುಂದಿನ ವರ್ಷ ಬೋನಸ್ ಸೊನ್ನೆ. 3,000 ಉಳಿಸೋಕೆ ಹೋಗಿ 4,000 ಕಳ್ಕೊಂಡ ಹಾಗೆ. ಮತ್ತೆ ಶೇ. 50 ತಲುಪೋಕೆ ಐದು ವರ್ಷ ಬೇಕು. ಚಿಕ್ಕಪುಟ್ಟದ್ದನ್ನ ಗ್ಯಾರೇಜ್‌ನಲ್ಲೇ ಮುಗಿಸೋದು ಲಾಭ.

ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ರೂ ಬೋನಸ್ ಹೋಗುತ್ತೆ. ಬೋನಸ್ ಮಾಲೀಕರದ್ದು, ಕಾರಿನದ್ದಲ್ಲ. ಹಳೇ ಕಾರು ಮಾರಿದ್ರೆ ಕಂಪನಿಯಿಂದ ಪತ್ರ ತಗೊಂಡು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು.

ಇನ್ನೂ ಎಲ್ಲೆಲ್ಲಿ ಕಡಿಮೆ ಆಗುತ್ತೆ?

- ಕಡಿಮೆ ಓಡಿಸೋರು: ವಾರಕ್ಕೊಮ್ಮೆ ದೇವಸ್ಥಾನ, ತಿಂಗಳಿಗೊಮ್ಮೆ ಆಸ್ಪತ್ರೆ, ಉಳಿದಂತೆ ಕೋಣನಕುಂಟೆ ಕ್ರಾಸ್‌ನಿಂದ ಮೆಟ್ರೋ ಅನ್ನೋರಿಗೆ, ಓಡಿಸಿದಷ್ಟಕ್ಕೆ ಕಟ್ಟೋ 'ಪೇ ಆ್ಯಸ್ ಯು ಡ್ರೈವ್' ಇದೆ. ಐಆರ್‌ಡಿಎಐ 2022ರ ಜುಲೈನಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ. ಕಿಲೋಮೀಟರ್ ಮಿತಿ ದಾಟಿದ್ರೆ ಏನಾಗುತ್ತೆ ಅಂತ ಮೊದಲೇ ಕೇಳಿ.
- ಪಿಎ ಕವರ್: ಮಾಲೀಕ-ಚಾಲಕರಿಗೆ 15 ಲಕ್ಷ ರೂ. ಅಪಘಾತ ವಿಮೆ ಕಡ್ಡಾಯ. ಆದ್ರೆ ಸ್ಕೂಟರ್‌ಗೆ ಒಂದು, ಕಾರಿಗೆ ಒಂದು ಅಂತ ಎರಡು ಬೇಕಿಲ್ಲ. ಒಬ್ಬರಿಗೆ ಒಂದೇ ಸಾಕು. ಡಿಎಲ್ ಇಲ್ಲದ ಮಾಲೀಕರಿಗೆ ಇದು ಅನ್ವಯಿಸಲ್ಲ.
- ಮಾರ್ಪಾಡು ಮಾಡಿದ ಕಾರು: ಅಂಗವೈಕಲ್ಯ ಇರೋರಿಗಾಗಿ ಬದಲಾಯಿಸಿದ ಕಾರು ಅಂತ ಆರ್‌ಸಿಯಲ್ಲಿ ನಮೂದಾಗಿದ್ರೆ ಓಡಿ ಮೇಲೆ ಶೇ. 50 ಕಡಿತಕ್ಕೆ ಮೋಟಾರ್ ಟ್ಯಾರಿಫ್‌ನಲ್ಲೇ ಅವಕಾಶವಿದೆ.

ಡಿಎಲ್ ಮುಗಿದಿದ್ಯಾ ನೋಡ್ಕೊಳ್ಳಿ

ಪ್ರೀಮಿಯಂ ಉಳಿಸೋದಕ್ಕಿಂತ ಇದು ಮುಖ್ಯ. 55 ದಾಟಿದ ಮೇಲೆ ಡಿಎಲ್ ರಿನ್ಯೂ ಮಾಡಿಸಿದ್ರೆ ಬರೀ 5 ವರ್ಷಕ್ಕೆ ಸಿಗುತ್ತೆ. ಇನ್ಶೂರೆನ್ಸ್ ಸರಿಯಾಗಿ ಕಟ್ಟಿ, ಡಿಎಲ್ ಮಾತ್ರ ಮರೆತವರ ಓಡಿ ಕ್ಲೇಮ್ ತಿರಸ್ಕಾರ ಆಗಬಹುದು. ಮುಗಿಯೋಕೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಬೇಕು. ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಡ್ರೈವಿಂಗ್ ಟೆಸ್ಟ್.

ಇನ್ಶೂರೆನ್ಸೇ ಇಲ್ಲದೆ ಸಿಕ್ಕಿಬಿದ್ರೆ ಮೊದಲ ಸಲ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲ ದಂಡ 4,000 ರೂ.

ಅಂಗಡಿಯವರು ಗಮನಿಸಿ

ಅಪ್ಪನ ಕಾರಲ್ಲಿ ದಿನಾ ಅಂಗಡಿ ಸಾಮಾನು ತರ್ತಿದ್ದೀರಾ? ಖಾಸಗಿ ಕಾರ್ ಪಾಲಿಸಿ ಸರಕು ಸಾಗಣೆಗಾಗಲೀ ಬಾಡಿಗೆಗಾಗಲೀ ಅಲ್ಲ. ಆಗ ಅಪಘಾತವಾದ್ರೆ ಕ್ಲೇಮ್‌ಗೆ ತೊಂದರೆ. ಮಾಲೀಕರು ತೀರಿಕೊಂಡ್ರೆ ಅವರ ಹೆಸರಿನ ಪಾಲಿಸಿ ಮೂರು ತಿಂಗಳು ಅಥವಾ ಅವಧಿ ಮುಗಿಯೋವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಮಾತ್ರ. ಅಷ್ಟರೊಳಗೆ ಆರ್‌ಸಿ, ಪಾಲಿಸಿ ಎರಡನ್ನೂ ವಾರಸುದಾರರ ಹೆಸರಿಗೆ ಮಾಡಿಸಿ.

ಕ್ಲೇಮ್ ಕೊಡದಿದ್ರೆ ಎಲ್ಲಿಗೆ ಹೋಗೋದು?

ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಿರಿ. ಉತ್ತರ ಬರದಿದ್ರೆ, ಬಂದರೂ ಸಮಾಧಾನ ಆಗದಿದ್ರೆ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಇಡೀ ಕರ್ನಾಟಕದ ಆ ಕಚೇರಿ ನಮ್ಮ ಪಕ್ಕದಲ್ಲೇ ಇದೆ: ಜೀವನ್ ಸೌಧ ಕಟ್ಟಡ, 24ನೇ ಮುಖ್ಯರಸ್ತೆ, ಜೆ.ಪಿ. ನಗರ 1ನೇ ಹಂತ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ: 155255.