ನೆರವಿನ ಲೆಕ್ಕ: ಮಾರ್ಷಲ್ ಯೋಜನೆ ಮತ್ತು ಜರ್ಮನಿಯ ಒಂದು ಖಾತೆ



ನಾನು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಇತಿಹಾಸವನ್ನೂ ಜಮಾ-ಖರ್ಚಿನ ಪುಸ್ತಕದ ಮೂಲಕವೇ ಓದುವವನು. ನಾವೆಲ್ಲ ದುಡಿದು ಬದುಕುತ್ತಿರುವ ಈ ಜರ್ಮನಿಯ ಒಂದು ಹಳೆಯ ಖಾತೆಯನ್ನು ಇಂದು ತಮ್ಮ ಮುಂದೆ ತೆರೆದಿಡುತ್ತೇನೆ.

1947ರ ಜೂನ್ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಅವರು ಹಾರ್ವರ್ಡ್‌ನಲ್ಲಿ ಯುರೋಪಿಗೆ ನೆರವಿನ ಪ್ರಸ್ತಾಪ ಮುಂದಿಟ್ಟರು. ಮರುವರ್ಷದಿಂದ ಸುಮಾರು 1,300 ಕೋಟಿ ಡಾಲರ್ ನೆರವು ಬಂತು. ಅದರಲ್ಲಿ ಪಶ್ಚಿಮ ಜರ್ಮನಿಯ ಪಾಲು ಸುಮಾರು 140 ಕೋಟಿ. ಬ್ರಿಟನ್ನಿನದು ಅದರ ದುಪ್ಪಟ್ಟಿಗೂ ಹೆಚ್ಚು.

ಈ ನೆರವಿನ ಬಹುಪಾಲು ಬಂದದ್ದು ಸರಕಿನ ರೂಪದಲ್ಲಿ. ಇಲ್ಲಿನ ಗಿರಣಿಯೊಂದು ಅಮೆರಿಕದ ಹತ್ತಿ ತರಿಸಿದರೆ, ಮಾರಿದವನಿಗೆ ಅಮೆರಿಕ ಸರ್ಕಾರ ಡಾಲರ್ ಕೊಡುತ್ತಿತ್ತು. ಹಾಗೆಂದು ಗಿರಣಿಗೆ ಹತ್ತಿ ಪುಕ್ಕಟೆಯಲ್ಲ. ಅದರ ಬೆಲೆಯನ್ನು ಮಾರ್ಕ್‌ಗಳಲ್ಲಿ ಕಟ್ಟಬೇಕಿತ್ತು. ಆ ಮಾರ್ಕ್‌ಗಳು ಪ್ರತ್ಯೇಕ ಖಾತೆಯೊಂದಕ್ಕೆ ಜಮಾ ಆಗುತ್ತಿದ್ದವು. ಅದನ್ನು ಬಳಸಲು ಅಮೆರಿಕದ ಒಪ್ಪಿಗೆ ಬೇಕಿತ್ತು. ಹೀಗೆ ಒಂದೇ ನೆರವು ಎರಡು ಸಲ ದುಡಿಯಿತು.

ಬ್ರಿಟನ್ ಇಂಥ ಖಾತೆಯ ಬಹುಪಾಲನ್ನು ಹಳೆಯ ಸಾಲ ತೀರಿಸಲು ಬಳಸಿತು. ಜರ್ಮನಿ ತನ್ನದನ್ನು 1948ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಥಾಪನೆಯಾದ ಕೆಎಫ್‌ಡಬ್ಲ್ಯೂ ಬ್ಯಾಂಕಿನ ಮೂಲಕ ವಿದ್ಯುತ್, ಕಲ್ಲಿದ್ದಲು, ವಸತಿಗೆ ಸಾಲವಾಗಿ ಕೊಟ್ಟಿತು. ಸಾಲ ಬಡ್ಡಿಸಮೇತ ಮರಳಿ ಬಂದು ಮತ್ತೊಬ್ಬರ ಕೈಗೆ ಹೋಯಿತು. ಆ ನಿಧಿ ಇಂದಿಗೂ ಜೀವಂತವಾಗಿದ್ದು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಆಸರೆಯಾಗಿದೆ.

ಜರ್ಮನಿ ಚೇತರಿಸಿಕೊಂಡದ್ದು ಇದೊಂದರಿಂದಲೇ ಎಂದರೆ ಲೆಕ್ಕ ತಾಳೆಯಾಗದು. 1948ರ ಜೂನ್‌ನಲ್ಲಿ ಹೊಸ ಮಾರ್ಕ್ ಚಲಾವಣೆಗೆ ಬಂತು, ಬೆಲೆ ನಿಯಂತ್ರಣ ಸಡಿಲವಾಯಿತು. 1953ರ ಲಂಡನ್ ಒಪ್ಪಂದದಲ್ಲಿ ಹೊರಸಾಲದ ಸುಮಾರು ಅರ್ಧ ಮನ್ನಾ ಆಯಿತು. ಉಳಿದದ್ದನ್ನು ರಫ್ತಿನ ಗಳಿಕೆಯಿಂದ ತೀರಿಸುವಂತೆ ಕಂತು ಕಟ್ಟಿಕೊಟ್ಟರು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಜರ್ಮನ್ ಸೇನೆ ತುಳಿದಿದ್ದ ಗ್ರೀಸ್ ಕೂಡ ಇತ್ತು. ಆರು ದಶಕಗಳ ಬಳಿಕ ಗ್ರೀಸ್ ಸಾಲದಲ್ಲಿ ಮುಳುಗಿದಾಗ, ಇದೇ ಒಪ್ಪಂದವನ್ನು ಹಲವರು ಜರ್ಮನಿಗೆ ನೆನಪಿಸಿದರು.

ಇನ್ನೊಂದು ನಮೂದು ನಮಗೆ ಹತ್ತಿರದ್ದು. 1958ರಿಂದ ಅದೇ ಕೆಎಫ್‌ಡಬ್ಲ್ಯೂ ಭಾರತದಲ್ಲೂ ಕೆಲಸ ಮಾಡುತ್ತಿದೆ. ನೆರವು ಪಡೆದ ದೇಶ ಹತ್ತೇ ವರ್ಷದಲ್ಲಿ ನೆರವು ಕೊಡುವ ದೇಶವಾಯಿತು.

ಯುದ್ಧದಿಂದ ನೊಂದ ದೇಶಗಳಿಗೆ ಇಂದು ಕೋಟಿಗಟ್ಟಲೆ ನೆರವು ಘೋಷಣೆಯಾಗುತ್ತದೆ. ಮೊತ್ತ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಹಣ ಯಾವ ಖಾತೆಗೆ ಹೋಗುತ್ತದೆ? ಅದರ ಕೀಲಿಕೈ ಯಾರ ಬಳಿ? ಮರಳಿ ಬಂದದ್ದು ಮತ್ತೆ ಯಾರಿಗೆ? ಹಳೆಯ ಸಾಲದ ಗತಿಯೇನು? ನಮ್ಮ ಸಂಘಗಳು ಊರ ಶಾಲೆಗೋ ನೆರೆ ಪರಿಹಾರಕ್ಕೋ ಹಣ ಕಳಿಸುವಾಗಲೂ ಈ ಪ್ರಶ್ನೆಗಳನ್ನು ಕೇಳೋಣ. ಕೊಡುವ ಕೈಯಷ್ಟೇ ಲೆಕ್ಕ ಬರೆಯುವ ಕೈಯೂ ಮುಖ್ಯ.