ವಿಲ್ಸನ್ ಕಾಯಿಲೆ: ತಾಮ್ರ, ಊಟ ಮತ್ತು ವ್ರತ

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿದರೆ ಒಳ್ಳೆಯದು ಎಂಬ ಮಾತು ನಮ್ಮ ಸಮಾಜದ ಬಹುತೇಕ ಮನೆಗಳಲ್ಲಿ ಕೇಳಿಬರುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆ ಏನಿಲ್ಲ. ಆದರೆ ವಿಲ್ಸನ್ ಕಾಯಿಲೆ ಇರುವವರಿಗೆ ಅದೇ ನೀರು ನಿಧಾನ ವಿಷ.

ಲಂಡನ್ನಿನ ನರವೈದ್ಯ ಎಸ್.ಎ.ಕೆ. ವಿಲ್ಸನ್ 1912ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ನಾವು ತಿನ್ನುವ ಎಲ್ಲ ಆಹಾರದಲ್ಲೂ ಸ್ವಲ್ಪ ತಾಮ್ರ ಇರುತ್ತದೆ. ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಾದದ್ದನ್ನು ಯಕೃತ್ತು ಪಿತ್ತದ ಮೂಲಕ ಹೊರಗೆ ಹಾಕುತ್ತದೆ. ಎಟಿಪಿ7ಬಿ ಎಂಬ ಜೀನ್ ತಂದೆ ತಾಯಿ ಇಬ್ಬರಿಂದಲೂ ದೋಷದೊಂದಿಗೆ ಬಂದ ಮಕ್ಕಳಲ್ಲಿ ಈ ಕೆಲಸ ನಡೆಯುವುದಿಲ್ಲ. ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಎಂಬ ಅಂದಾಜಿದೆ. ಮೇಲಿಂದ ಮೇಲೆ ಕಾಮಾಲೆ, ಕೈ ನಡುಕ, ತೊದಲು ಮಾತು, ಬಾಯಿಂದ ಜೊಲ್ಲು, ಚೆನ್ನಾಗಿ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಡುವುದು, ಇವೆಲ್ಲ ಇದರ ಲಕ್ಷಣಗಳು. ಇದನ್ನು ಓದಿನಲ್ಲಿ ಸೋಮಾರಿತನ ಎಂದು ಬೈದ ಮನೆಗಳೂ ಉಂಟು.

ವಿಶೇಷವೆಂದರೆ ಇದು ಬೇಗ ಗೊತ್ತಾದರೆ ಔಷಧಿಯಿಂದ ಹತೋಟಿಗೆ ಬರುವ ಆನುವಂಶಿಕ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅಷ್ಟು ಅನುಭವ ನಮ್ಮ ರಾಜ್ಯದಲ್ಲೇ ಇದೆ. ಕೋಲಾರ ತಾಲ್ಲೂಕಿನ ವಕ್ಕಲೇರಿ, ಪಕ್ಕದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ದೂರ. ಆದರೆ ತೋರಿಸಿಕೊಂಡು ಬಂದ ಮೇಲೆ ಅಡುಗೆಮನೆಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಈ ಲೇಖನ ಅದಕ್ಕಾಗಿ.

ಏನು ತಿನ್ನಬಹುದು

ತಾಮ್ರ ಅತಿ ಹೆಚ್ಚು ಇರುವುದು ಪ್ರಾಣಿಗಳ ಯಕೃತ್ತಿನಲ್ಲಿ ಮತ್ತು ಚಿಪ್ಪಿನ ಜಲಚರಗಳಲ್ಲಿ. ಅಣಬೆಯೂ ನಿಷಿದ್ಧ ಪಟ್ಟಿಯಲ್ಲಿದೆ. ಇವು ಜೈನರ ಮನೆಗೆ ಮೊದಲೇ ಬರುವುದಿಲ್ಲವಾದ್ದರಿಂದ ಪಟ್ಟಿಯ ದೊಡ್ಡ ಭಾಗ ತಾನಾಗಿಯೇ ಪಾಲನೆಯಾಗಿರುತ್ತದೆ. ಸಸ್ಯಾಹಾರದ ತಾಮ್ರ ದೇಹಕ್ಕೆ ಸೇರುವ ಪ್ರಮಾಣವೂ ಕಡಿಮೆ. ಉಳಿದದ್ದು ಒಣಹಣ್ಣು ಮತ್ತು ಎಣ್ಣೆಬೀಜಗಳ ವಿಷಯ, ಮತ್ತು ನಮ್ಮವರು ಎಡವುವುದು ಅಲ್ಲೇ. 100 ಗ್ರಾಂ ಎಳ್ಳಿನಲ್ಲಿ ಸುಮಾರು 4 ಮಿಲಿಗ್ರಾಂ, ಗೋಡಂಬಿಯಲ್ಲಿ 2 ಮಿಲಿಗ್ರಾಂಗೂ ಹೆಚ್ಚು ತಾಮ್ರವಿದೆ. ಪಾಲಿಶ್ ಅಕ್ಕಿಯಲ್ಲಿ ಸುಮಾರು 0.2 ಮಾತ್ರ, ಹಾಲಿನಲ್ಲಿ ಇನ್ನೂ ಅತ್ಯಲ್ಪ. ಹಾಗಾಗಿ ಸಂಕ್ರಾಂತಿಯ ಎಳ್ಳುಬೆಲ್ಲ, ಚಿಕ್ಕಿ, ಮದುವೆ ಮನೆಯ ಕಾಜು ಕತ್ಲಿ, ಪಾರಣೆಗೆ ಕೊಡುವ ಒಣಹಣ್ಣಿನ ಪೊಟ್ಟಣ, ಮಕ್ಕಳ ಚಾಕೊಲೇಟ್ ಇವನ್ನು ದೂರ ಇಡಬೇಕು. ಚಿಕಿತ್ಸೆಯ ಮೊದಲ ವರ್ಷದಲ್ಲಿ ಈ ಕಟ್ಟುನಿಟ್ಟು ಹೆಚ್ಚು ಮುಖ್ಯ. ಸೋಯಾ ಮತ್ತು ಒಣಕಾಳುಗಳ ಅಳತೆಯನ್ನೂ ಆಗ ವೈದ್ಯರಿಗೆ ಕೇಳಿಕೊಳ್ಳಬೇಕು.

ಅನ್ನ, ಮೊಸರು, ಮಜ್ಜಿಗೆ, ಸೋರೆ, ಹೀರೆ, ಬಾಳೆಹಣ್ಣು, ಹಾಲಿನ ಸಿಹಿ ಯಾವುದಕ್ಕೂ ಹೆದರಬೇಕಿಲ್ಲ. ಈ ಭಾಗದ ರಾಗಿ ಮುದ್ದೆಯನ್ನೂ ಬಿಡಬೇಕಾಗಿಲ್ಲ. ನುಂಗಲು ಕಷ್ಟಪಡುವ ರೋಗಿಗೆ ಮೆತ್ತಗೆ ಕಿವುಚಿದ ಮೊಸರನ್ನ, ಗಟ್ಟಿ ರಾಗಿ ಗಂಜಿ ನೀರಿಗಿಂತ ಸಲೀಸು. ನೀರು ಬೇಗ ಶ್ವಾಸನಾಳಕ್ಕೆ ಹೋಗಿ ಕೆಮ್ಮು ತರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಇಳಿಸಬೇಕು. ಹಪ್ಪಳ, ಉಪ್ಪಿನಕಾಯಿ, ಉಪ್ಪು ಹೆಚ್ಚು ಹಾಕಿದ ಖಾಕ್ರ ಆಗ ಬೇಡ. ಬಲ ಬರಲಿ ಎಂದು ಅಂಗಡಿಯಿಂದ ತರುವ ಮಲ್ಟಿವಿಟಮಿನ್ ಮಾತ್ರೆಯಲ್ಲಿ ತಾಮ್ರ ಸೇರಿಸಿರುವುದು ಸಾಮಾನ್ಯ. ಲೇಬಲ್ ಓದಿಯೇ ಕೊಳ್ಳಬೇಕು.

ನೀರು ಮತ್ತು ಪಾತ್ರೆ

ಸೋಸಿ ಕುದಿಸಿದ ಪ್ರಾಸುಕ ನೀರನ್ನು ತಾಮ್ರ ಅಥವಾ ಹಿತ್ತಾಳೆ ಹಂಡೆಯಲ್ಲಿ ಇಡುವ ಮನೆಗಳು ಸ್ಟೀಲಿಗೆ ಬದಲಾಯಿಸಬೇಕು. ಹಿತ್ತಾಳೆಯಲ್ಲೂ ಹೆಚ್ಚಿನ ಪಾಲು ತಾಮ್ರವೇ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ, ಮಜ್ಜಿಗೆ ಇಟ್ಟರೆ ಅದು ಕರಗಿ ಬರುತ್ತದೆ. ಹೊರಗೆ ಮಾತ್ರ ತಾಮ್ರದ ತಳವಿದ್ದು ಒಳಗೆ ಸ್ಟೀಲ್ ಇರುವ ಪಾತ್ರೆ ಆಗಬಹುದು. ಸ್ನಾನದ ನೀರಿಗೆ ಹಂಡೆ ಇರಲಿ. ಗಂಧೋದಕವನ್ನು ತಲೆಗೆ ಹಚ್ಚಿಕೊಳ್ಳುವುದರಿಂದಲೂ ಏನೂ ಆಗದು. ಪಾತ್ರೆಯ ಮಾತು ಬರೀ ಅಂಜಿಕೆಯಲ್ಲ. ಹಾಲನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಕುಡಿಸಿದ ಶಿಶುಗಳಲ್ಲಿ ಬರುತ್ತಿದ್ದ ಮತ್ತೊಂದು ಯಕೃತ್ತಿನ ಕಾಯಿಲೆಯನ್ನು 1980ರ ದಶಕದಲ್ಲಿ ಪುಣೆಯಲ್ಲಿ ಅಧ್ಯಯನ ಮಾಡಲಾಗಿತ್ತು.

ಕೋಲಾರ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ಅನೇಕರು ಆರ್.ಒ. ಯಂತ್ರ ಹಾಕಿಸಿಕೊಂಡಿದ್ದಾರೆ. ಅದು ತಾಮ್ರವನ್ನೂ ಇಳಿಸುತ್ತದೆ. ಆದರೆ ಶುದ್ಧವಾದ ನೀರಿಗೆ ಮತ್ತೆ ತಾಮ್ರ ಬೆರೆಸುವ ಯಂತ್ರಗಳೂ ಈಗ ಮಾರಾಟಕ್ಕಿವೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು.

ಮಾತ್ರೆಯ ಹೊತ್ತು ಮತ್ತು ವ್ರತ

ಪಥ್ಯ ಎಷ್ಟು ಮಾಡಿದರೂ ಅದು ಔಷಧಿಗೆ ಸಹಾಯ ಮಾತ್ರ, ಬದಲಿಯಲ್ಲ. 1956ರಲ್ಲಿ ಜಾನ್ ವಾಲ್ಶ್ ಎಂಬ ವೈದ್ಯರು ತಂದ ಪೆನಿಸಿಲಮೈನ್ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸತು ಎಂದರೆ ಜಿಂಕ್ ಮಾತ್ರೆ ಕರುಳಿನಲ್ಲೇ ಅದನ್ನು ತಡೆಯುತ್ತದೆ. ಪೆನಿಸಿಲಮೈನನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕಬ್ಬಿಣದ ಮಾತ್ರೆ, ಹಾಲು, ಆ್ಯಂಟಾಸಿಡ್ ಜೊತೆಗೆ ಬೇಡ. ಇದರೊಂದಿಗೆ ಬಿ6 ವಿಟಮಿನ್ ಕೊಡುವುದು ರೂಢಿ. ಎರಡೂ ಔಷಧಿ ಇದ್ದರೆ ನಡುವೆ ಕೆಲವು ಗಂಟೆ ಅಂತರ ಬೇಕು. ಇದು ಜೀವಮಾನದ ಔಷಧಿ. ಚೆನ್ನಾಗಿದ್ದೇನೆ ಎಂದು ನಿಲ್ಲಿಸಿದವರಲ್ಲಿ ಯಕೃತ್ತು ಇದ್ದಕ್ಕಿದ್ದಂತೆ ಕೈಕೊಟ್ಟು ಪ್ರಾಣ ಹೋದದ್ದುಂಟು.

ನವಕಾರಸಿ ಮಾಡುವವರು ಸೂರ್ಯೋದಯದ 48 ನಿಮಿಷದ ನಂತರ ಮೊದಲು ಮಾತ್ರೆ ನುಂಗಿ, ಗಂಟೆ ಕಳೆದು ತಿಂಡಿ ತಿನ್ನಬಹುದು. ಮಧ್ಯಾಹ್ನದ ಊಟ ಒಂದು ಗಂಟೆಯೊಳಗೆ ಮುಗಿದರೆ ನಾಲ್ಕರ ಹೊತ್ತಿಗೆ ಎರಡನೇ ಮಾತ್ರೆ, ಸೂರ್ಯಾಸ್ತಕ್ಕೆ ಮೊದಲು ಸಂಜೆಯ ಊಟ. ದಿನಕ್ಕೆ ಎರಡು ಸಲದ ಔಷಧಿ ಹೀಗೆ ಹಗಲಿನಲ್ಲೇ ಕೂರುತ್ತದೆ. ಮೂರು ನಾಲ್ಕು ಸಲ ಬರೆದುಕೊಟ್ಟಿದ್ದರೆ ವೈದ್ಯರಿಗೆ ಚೌವಿಹಾರದ ವಿಷಯ ಬಿಡಿಸಿ ಹೇಳಬೇಕು. ಹೇಳದೆ ರಾತ್ರಿಯ ಮಾತ್ರೆಯನ್ನು ಸುಮ್ಮನೆ ಬಿಡುವುದೇ ದೊಡ್ಡ ತಪ್ಪು.

ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿರುವ ರೋಗಿಗೆ ಸಂಜೆಯಿಂದ ಬೆಳಗಿನವರೆಗೆ ಉಪವಾಸ ಇರುವುದೂ ಹಾನಿ. ದೇಹ ತನ್ನ ಸ್ನಾಯುವನ್ನೇ ಕರಗಿಸಿ ನಡೆಸಿಕೊಳ್ಳುತ್ತದೆ. ಅಂಥವರಿಗೆ ಮಲಗುವ ಮುಂಚೆ ಸ್ವಲ್ಪ ತಿನ್ನಲು ವೈದ್ಯರು ಹೇಳುತ್ತಾರೆ. ಪರ್ಯುಷಣ, ದಶಲಕ್ಷಣದ ಉಪವಾಸ, ಏಕಾಶನದ ಪ್ರಶ್ನೆಯೂ ಹೀಗೆಯೇ. ಅಜ್ಜಿಯರಿಗೆ ಇದು ಒಪ್ಪಿಗೆಯಾಗುವುದು ಕಷ್ಟ, ರೋಗಿಗೆ ಇನ್ನೂ ಕಷ್ಟ. ಆದರೆ ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಸಮಂತಭದ್ರ ಆಚಾರ್ಯರಿಗೆ ಭಸ್ಮಕ ವ್ಯಾಧಿ ಬಂದು ಅವರು ಸಲ್ಲೇಖನಕ್ಕೆ ಅನುಮತಿ ಕೇಳಿದಾಗ, ಗುರುಗಳು ಒಪ್ಪದೆ ಮೊದಲು ದೀಕ್ಷೆ ಬಿಟ್ಟು ರೋಗ ವಾಸಿ ಮಾಡಿಕೊಳ್ಳಲು ಹೇಳಿದರೆಂಬ ಕಥೆ ಪರಂಪರೆಯಲ್ಲಿದೆ. ದೇವಚಂದ್ರನ ರಾಜಾವಳಿ ಕಥೆಯಲ್ಲೂ ಬರುತ್ತದೆ. ವಾಸಿಯಾದ ಮೇಲೆ ಅವರು ಮತ್ತೆ ದೀಕ್ಷೆ ಪಡೆದರು. ಮನೆಯಲ್ಲಿ ಚರ್ಚೆ ಬಂದರೆ ಊರಿಗೆ ವಿಹಾರ ಬಂದ ಮಹಾರಾಜರ ಹತ್ತಿರ ರೋಗಿಯನ್ನೇ ಕರೆದುಕೊಂಡು ಹೋಗಿ ಕೇಳುವುದು ಒಳ್ಳೆಯದು. ಉಪವಾಸದ ಬದಲು ರಸತ್ಯಾಗ, ಸ್ವಾಧ್ಯಾಯ, ಮೌನದ ನಿಯಮ ತೆಗೆದುಕೊಳ್ಳಬಹುದು.

ಪೆನಿಸಿಲಮೈನ್ ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್, ಅದು ಪ್ರಾಣಿಜನ್ಯ. ಇದು ತಿಳಿದು ಔಷಧಿಯನ್ನೇ ಬಿಡುವ ಯೋಚನೆ ಬರುವುದು ಸಹಜ. ಬಿಡಬಾರದು. ನುಂಗಲಾಗದ ರೋಗಿಗಳಿಗೆ ಒಳಗಿನ ಪುಡಿಯನ್ನು ತಣ್ಣನೆ ಹಣ್ಣಿನ ರಸದಲ್ಲಿ ಕೊಡುವ ಕ್ರಮ ಇದೆ. ಅದು ಆಗುತ್ತದೆಯೇ, ಮಾತ್ರೆ ರೂಪದ ಜಿಂಕ್ ಸಾಕೇ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ಒಡಹುಟ್ಟಿದವರು

ಒಬ್ಬ ಮಗುವಿಗೆ ಕಾಯಿಲೆ ಇದ್ದರೆ ಅದರ ಪ್ರತಿ ಅಣ್ಣ ತಮ್ಮ ಅಕ್ಕ ತಂಗಿಗೆ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ. ರಕ್ತಸಂಬಂಧದಲ್ಲಿ ಮದುವೆ ನಡೆಯುವ ಮನೆತನಗಳಲ್ಲಿ ಕಾಯಿಲೆ ಕಾಣಿಸುವುದು ಹೆಚ್ಚು. ಹೊರಗೆ ಚೆನ್ನಾಗಿರುವ ಒಡಹುಟ್ಟುಗಳಿಗೂ ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ, ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣಿನ ಕಂದು ಉಂಗುರದ ಪರೀಕ್ಷೆ ಮಾಡಿಸಬೇಕು. ಮದುವೆ ಸಂಬಂಧಕ್ಕೆ ತೊಂದರೆಯೆಂದು ಹೆಣ್ಣುಮಕ್ಕಳ ಪರೀಕ್ಷೆಯನ್ನು ಮುಂದೂಡುವವರಿದ್ದಾರೆ. ಲಕ್ಷಣ ಬರುವ ಮೊದಲೇ ಔಷಧಿ ಶುರುವಾದ ಹುಡುಗಿ ಓದಿ, ಮದುವೆಯಾಗಿ, ಗರ್ಭಿಣಿಯಾದಾಗಲೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧಿ ಮುಂದುವರಿಸಿ ಮಕ್ಕಳನ್ನು ಹೆರಬಹುದು.